ಚರ್ಮದೊಳಗೇ ತಿರುಗಿ ಕುಳಿತ ಕೂದಲಿನವರಿಗೆ

ಮಾನ್ಯರೇ,

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯ ಲುಂಬಿನಿ ಬ್ಯೂಟಿ ಪಾರ್ಲರಿನಿಂದ, ಅದರ ಒಡತಿಯ ತಂಗಿ ಮೈತ್ರಿ ಕೈಮುಗಿದು ಬರೆಯುವುದು. ನನ್ನ ತೊಡೆಯ ಸಂದಿನಲ್ಲಿ, ಯಾರಿಗೂ ವಿಳಾಸ ಹೇಳಲಾಗದ ಜಾಗದಲ್ಲಿ, ಕೆಂಪು ಗುಡ್ಡೆ ಕಟ್ಟಿಕೊಂಡು ವಾಸವಾಗಿರುವ ತಮ್ಮ ಕ್ಷೇಮಸಮಾಚಾರ ಹೆಜ್ಜೆಹೆಜ್ಜೆಗೂ ನನಗೆ ತಲುಪುತ್ತಿರುವುದರಿಂದ ಅದನ್ನು ಬೇರೆಯಾಗಿ ಕೇಳುವುದಿಲ್ಲ.

ಮೊದಲು ತಮ್ಮನ್ನು ಹೊಗಳಬೇಕು. ಮೇಣ ಹಚ್ಚಿ ಕೂದಲು ಕೀಳುವ ವ್ಯಾಕ್ಸ್ ಆದ ಮೇಲೆ ತಮ್ಮ ಓರಗೆಯ ಕೂದಲುಗಳೆಲ್ಲ ಸುಮ್ಮನೆ ನೆಟ್ಟಗೆ ಮೇಲೆ ಬಂದವು. ತಾವು ಮಾತ್ರ ಬಾಗಿಲತನಕ ಬಂದು, ಚರ್ಮದ ಕೆಳಗೇ ಹೊರಳಿ, ಬಂದ ದಾರಿಯನ್ನೇ ಹಿಡಿದಿರಿ. ವಾಡಿ ಜಂಕ್ಷನ್ನಿನಲ್ಲಿ ಒಂದು ಇಂಜಿನ್ ದಿಕ್ಕು ಬದಲಿಸಬೇಕಾದರೆ ಎಷ್ಟು ಮಂದಿಯ ಒಪ್ಪಿಗೆ ಬೇಕು. ತಾವು ಯಾರ ಬಾವುಟಕ್ಕೂ ಕಾಯಲಿಲ್ಲ. ಕಾಗಿಣಾ ಹೊಳೆಗಿಂತ ದೊಡ್ಡ ನೀರು ಕಾಣದ ನಮ್ಮ ಸೀಮೆಯಲ್ಲಿ ಬಿಕಿನಿ ವ್ಯಾಕ್ಸ್ ಎಂಬ, ಸಮುದ್ರದ ಈಜುಡುಗೆಯ ಹೆಸರಿನ ಕೆಲಸವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡವರು ತಾವೊಬ್ಬರೇ.

ಸಂಗತಿ ಹೀಗಿದೆ. ನನ್ನ ಅಕ್ಕ ಲುಂಬಿನಿ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಅಂದಿನಿಂದ ಪಾರ್ಲರಿಗೆ ಬೀಗ. ಮುಚ್ಚಿದ ಬಾಗಿಲು ನೋಡಲಾಗದೆ ಅಕ್ಕನ ಗಂಡ ಅಜಯಕುಮಾರ ಮಾವ ಆ ಕೋಣೆಯನ್ನು ಝೆರಾಕ್ಸ್ ಅಂಗಡಿಗೆ ಕೊಡಲು ಹೊರಟಿದ್ದರು. ನಾನು ನಡೆಸುತ್ತೇನೆ ಎಂದೆ. ಮೊದಲು ಬಂದ ಗಿರಾಕಿ ಚಲೋ ಆಯಿತು ಅಂದರೆ ಕೋಣೆ ನಿನ್ನದು, ಲುಂಬಿನಿ ಹೆಸರು ಕೆಟ್ಟರೆ ಝೆರಾಕ್ಸಿನವರದು ಎಂದರು. ಕುರಕುಂಟಾ ಊರಿನ ಮದುಮಗಳೊಬ್ಬಳು ಬರುತ್ತೇನೆಂದು ಹೇಳಿ ಕಳಿಸಿದ್ದಳು. ಅಕ್ಕ ಕೆಲಸ ಮಾಡುವಾಗ ಪರದೆಯ ಈಚೆ ಕುಳಿತು ಬಟ್ಟೆಪಟ್ಟಿ ಕತ್ತರಿಸಿ ಕೊಟ್ಟವಳು ನಾನು; ಕೈ ಪಳಗಿರಲಿಲ್ಲ. ಮದುಮಗಳ ಮೈಮೇಲೆ ಕಲಿಯುವುದು ಬೇಡವೆಂದು ನನ್ನ ಮೈಮೇಲೆಯೇ ಕಲಿತೆ.

ಕಲಿತದ್ದರ ಫಲ ತಾವು. ಆದರೆ ಇದರ ಕೀರ್ತಿ ತಮ್ಮೊಬ್ಬರದಲ್ಲ. ಅಂದು ಸಂಜೆಯೇ ಉರಿ, ತುರಿಕೆ ಶುರುವಾಗಿ ಕಾಲು ಅಗಲಿಸಿ ನಡೆಯುತ್ತಿದ್ದ ನನ್ನನ್ನು ನೋಡಿ ಸೋದರತ್ತೆ ಸಾಬಮ್ಮ, “ಯಾಕವ್ವ, ಒಂಟೆ ನಡದಂಗ ನಡೀಲಿಕತ್ತಿ?” ಎಂದು ಕೇಳಿ, ಕಾರಣ ತಿಳಿದು ಒಂದಿಷ್ಟೂ ಮುಜುಗರಪಡದೆ, “ಹಿಮ್ಮಡಿ ಒಡದ್ರ ಏನ್ ಮಾಡ್ತಿ? ಅದೇ ಕಲ್ಲ ತಗೊಂಡು ತಿಕ್ಕು” ಎಂದು ಅಪ್ಪಣೆ ಕೊಟ್ಟಳು. ಬಚ್ಚಲಿನಲ್ಲಿ ಮನೆಮಂದಿಯೆಲ್ಲ ಹಿಮ್ಮಡಿ ತಿಕ್ಕುವ ಶಹಾಬಾದ ಕಲ್ಲಿನ ಚೂರಿದೆ. ತಿಕ್ಕಿದೆ. ಮರುದಿನ ಬಿಗಿ ಲೆಗ್ಗಿನ್ಸ್ ಹಾಕಿಕೊಂಡು ಉರಿಬಿಸಿಲಲ್ಲಿ ಚಿತ್ತಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದು, ಬೆವರಿದ ಜಾಗಕ್ಕೆ ಘಮಘಮ ಪೌಡರನ್ನೂ ಸುರಿದೆ. ಶಹಾಬಾದ ಕಲ್ಲು ನಮ್ಮ ಕಡೆ ನೆಲಕ್ಕೆ, ಕಟ್ಟೆಗೆ, ಮಾಡಿಗೆ ಎಲ್ಲಕ್ಕೂ ಆಗುತ್ತದೆ. ತಮ್ಮ ಮನೆಗೂ ಅದನ್ನೇ ಹೊದಿಸಿ, ಹೊರಗೆ ಬರಲಿಲ್ಲವೆಂದು ತಮ್ಮನ್ನೇ ದೂರುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಇನ್ನು ಮುಂದೆ ಒಳಮುಖವಾಗಿ ಬೆಳೆಯುವ ವಿಚಾರವಿದ್ದರೆ ಮುಂಚಿತವಾಗಿ ಒಂದು ಮಾತು ತಿಳಿಸಬೇಕು, ಮದುವೆಯ ಹಂಗಾಮಿನಲ್ಲಿ ರಜೆ ತೆಗೆದುಕೊಳ್ಳಬೇಕು, ಸಾಧ್ಯವಾದರೆ ವರ್ಗ ಮಾಡಿಸಿಕೊಂಡು ಸೋದರತ್ತೆಯ ಹಿಮ್ಮಡಿಗೆ ಹೋಗಬೇಕು. ಅಲ್ಲಿ ಕೂದಲೇ ಬೆಳೆಯುವುದಿಲ್ಲ ಎಂಬ ಸಣ್ಣ ಅಡಚಣೆಯನ್ನು ತಮ್ಮಂಥವರು ದಾಟಬಲ್ಲರು.

ಒಂದು ಉಪಕಾರ ಮಾತ್ರ ಮರೆಯುವಂಥದ್ದಲ್ಲ. ದಿನಾ ರಾತ್ರಿ ಡೈರಿ ಬರೆಯುವ ನನಗೆ ಅಕ್ಕನ ಮುಖ ನೆನಪಾಗುತ್ತಿತ್ತು, ಧ್ವನಿ ಆಗುತ್ತಿರಲಿಲ್ಲ. ತಮ್ಮನ್ನು ಸೂಜಿಯಿಂದ ಎಬ್ಬಿಸಲು ಕೂತಾಗ ಪರದೆಯ ಆಚೆಯಿಂದ ಅಕ್ಕ ಬೈದ ಹಾಗೆ ಕೇಳಿಸಿತು: “ಕೆದರಬ್ಯಾಡ. ಹಸಿ ಚರ್ಮ ಅಂದ್ರ ಕೂಸಿನ ಗಲ್ಲ ಇದ್ದಂಗ.” ಸೂಜಿ ಇಟ್ಟೆ. ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಇಟ್ಟುಕೊಂಡೆ, ಸಡಿಲ ಹತ್ತಿಬಟ್ಟೆ ಉಟ್ಟೆ. ಕೀವು, ಜ್ವರ ಕಂಡರೆ ನಾಚಿಕೆ ಬಿಟ್ಟು ಡಾಕ್ಟರಮ್ಮನಿಗೆ ತೋರಿಸುವುದೆಂದು ನಿಶ್ಚಯಿಸಿದೆ.

ನಿನ್ನೆ ಮದುಮಗಳು ಬಂದಳು. ತಮ್ಮನ್ನು ಹೊತ್ತುಕೊಂಡೇ, ಕುಂಟುತ್ತಲೇ ಆಕೆಯ ಕೆಲಸ ಮಾಡಿದೆ. ಚರ್ಮ ಬಿಗಿಯಾಗಿ ಹಿಡಿದೆ, ಒಂದೇ ಜಾಗವನ್ನು ಮತ್ತೆ ಮತ್ತೆ ಎಳೆಯಲಿಲ್ಲ, ಮುಗಿದ ಮೇಲೆ ತಣ್ಣೀರ ಬಟ್ಟೆ ಇಟ್ಟು ಲೋಳೆಸರ ಹಚ್ಚಿದೆ. ಇವತ್ತು ಬಿಸಿನೀರಿನ ಸ್ನಾನ ಬ್ಯಾಡ, ಅತ್ತರು ಪೌಡರು ಬ್ಯಾಡ, ಬಿಗಿ ಬಟ್ಟಿ ಬ್ಯಾಡ, ಎರಡು ಮೂರು ದಿನ ಬಿಟ್ಟು ಮೆತ್ತನೆ ಬಟ್ಟಿಲೆ ಮೆಲ್ಲಕ ಒರಸು, ಕಲ್ಲು ಮುಟ್ಟಿದರ ನೋಡು ಎಂದು ಹೇಳುತ್ತಲೇ ಹೋದೆ. ಆಕೆ ಚಪ್ಪಲಿ ಮೆಟ್ಟುತ್ತಾ, “ಲುಂಬಿನಿ ಅಕ್ಕನೇ ಬೈದಂಗಾತು ನೋಡ್ರಿ” ಎಂದಳು. ಹೊರಗೆ ನಿಂತಿದ್ದ ಮಾವ ಅದನ್ನು ಕೇಳಿಸಿಕೊಂಡು, ಪಾರ್ಲರಿನ ಬೀಗದಕೈಯನ್ನು ಕಿಟಕಿಯಲ್ಲಿಟ್ಟು ಹೋದರು.

ಸದ್ಯಕ್ಕೆ ತಮ್ಮನ್ನು ಹೊತ್ತು ನಡೆಯುತ್ತಿರುವ,
ತಮ್ಮ ವಿಶ್ವಾಸಿ,
ಮೈತ್ರಿ

ತಾ.ಕ.: ಇಷ್ಟು ಬರೆದು ಏಳುವಷ್ಟರಲ್ಲಿ ತಾವು ಕರಿ ದಾರದಂಥ ತುದಿ ತೋರಿಸಿದ್ದೀರಿ. ಕಾಗದ ಬರೆದ ಮೇಲೇ ಕದಲುವ ಗುಣ ನೋಡಿದರೆ ತಾವು ಯಾವುದಾದರೂ ಕಚೇರಿಯಲ್ಲಿ ಇರಬೇಕಾದವರು. ಶಹಾಬಾದ ಕಲ್ಲನ್ನು ಬಚ್ಚಲಿನಿಂದ ತಂದು, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಪಾರ್ಲರಿನ ಬಾಗಿಲಿಗೆ ಒತ್ತು ಕೊಟ್ಟಿದ್ದೇನೆ. ಸೋದರತ್ತೆ ಅದನ್ನು ಹುಡುಕುತ್ತಿದ್ದಾಳೆ, ತಾವು ಹೇಳಬೇಡಿ.