ಕೆಂಪು ಚೀಟಿಯ ರಬ್ಬರ್ ಗಿಡ

ರಬ್ಬರ್ ಗಿಡಕ್ಕೆ ಒಂದು ತೊಟ್ಟಿನಲ್ಲಿ ಮೂರು ಎಲೆ. ಎರಡಿದ್ದರೆ, ಇಲ್ಲವೆ ನಾಲ್ಕಿದ್ದರೆ ಫಕೀರಪ್ಪನ ಸೋಮವಾರ ಸುಸೂತ್ರವಾಗಿ ಕಳೆದುಹೋಗುತ್ತಿತ್ತು.

ಲಕಮನಹಳ್ಳಿಯ ಆಚೆಗಿನ ಸಸ್ಯ ಸಂಶೋಧನಾ ಕೇಂದ್ರದಲ್ಲಿ ಅವನು ಹನ್ನೊಂದು ವರ್ಷದಿಂದ ದಿನಗೂಲಿ. ಈ ಸಲ ಅವನನ್ನು ಖಾಯಂ ಮಾಡುವ ಕಾಗದ ಕೇಂದ್ರದ ಮುಖ್ಯಸ್ಥೆ ಯಾಸ್ಮಿನ ಮೇಡಂ ಅವರ ಟೇಬಲ್ಲಿಗೆ ಬಂದು, ಸಹಿಗಾಗಿ ಕಾಯುತ್ತ ಕೂತಿತ್ತು. ಅಂಥ ಹೊತ್ತಿನಲ್ಲಿ, ರವಿವಾರ ಸಂಜೆ, ಮೇಡಂ ಅವನ ಕೈಗೆ ಕೆಂಪು ಚೀಟಿ ಕಟ್ಟಿದ ಕುಂಡವೊಂದನ್ನು ಕೊಟ್ಟರು.

“ಫಕೀರಪ್ಪ, ನಾಳೆ ಮ್ಯಾಲಿನ ಸಾಹೇಬ್ರು ಬರ್ತಾರ. ಛಲೋ ಕಂಡ ಕುಂಡ ಕಾರಿನ್ಯಾಗ ಇಟ್ಕೊಂಡು ಹೋಗೋ ಅವರ ಚಾಳಿ ನಿಮಗ ಗೊತ್ತಲ್ಲ. ಇದನ್ನ ನಿಮ್ಮ ಮನ್ಯಾಗ ಇಟ್ಟು ನಾಳೆ ಸಂಜಿ ಐದಕ್ಕ ತರ್ರಿ.”

“ಇದೂ ಉಳಿದ ರಬ್ಬರ್ ಗಿಡದಾಂಗ ಐತಲ್ರಿ?”

“ನೋಡಾಕ ಹಂಗ, ಒಳಗ ಬ್ಯಾರೆ. ನಮ್ಮ ತೋಟದಾಗಿನ ರಬ್ಬರೆಲ್ಲಾ ಹಿಂದ ಕಡಲು ದಾಟಿ ಬಂದ ಒಂದಿಷ್ಟು ಬೀಜದ ಸಂತಾನ. ಎಲ್ಲಾ ಒಂದ ಮನಿತನ. ಒಂದಕ್ಕ ರೋಗ ಬಡದ್ರ ಎಲ್ಲಾಕೂ ಬಡೀತದ. ಕೆಂಪು ಚೀಟಿದು ದೂರದ ಕಾಡಿಂದು. ರೋಗ ತಡಕೊಳ್ಳೋ ಗುಣ ಅದರಾಗ ಇರಬಹುದು. ಹೋತಂದ್ರ ಮತ್ತ ಸಿಗಾಂಗಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.”

ಫಕೀರಪ್ಪ ಬಾಯಿ ಬಿಡಲಿಲ್ಲ. ಗೇಟಿನ ಕಾವಲುಗಾರನಿಗೆ ಮಾತ್ರ ಹೇಳಿದ. ಚಹಾದಂಗಡಿಯಲ್ಲಿ ಇಬ್ಬರಿಗೆ ಹೇಳಿದ. ಹೆಂಡತಿ ನಾಗರತ್ನಾಳಿಗೆ ಹೇಳುವುದು ಹೇಗೂ ಲೆಕ್ಕಕ್ಕಿಲ್ಲ.

ಮರುದಿನ ಶ್ರಾವಣದ ಮೂರನೆಯ ಸೋಮವಾರ. ಓಣಿಯ ಬಿಲ್ವಪತ್ರಿಯ ಗಿಡ ಮೊದಲ ವಾರವೇ ಬೋಳಾಗಿತ್ತು. ಶಿವಪೂಜೆಗೆ ಪತ್ರಿ ಹುಡುಕುತ್ತ, ಕೈಯಲ್ಲಿ ತಾಟು ಹಿಡಿದು ಹೊರಟ ಪಕ್ಕದ ಮನೆಯ ಶರಣವ್ವ ಗೋಡೆಯ ಮೇಲಿಂದ ಇಣುಕಿದಳು.

“ಏ ಫಕೀರಪ್ಪಾ! ಮನ್ಯಾಗ ಪತ್ರಿಗಿಡ ಇಟ್ಕೊಂಡು ಸುಮ್ಮನ ಕುಂತೀಯಲ್ಲೋ? ಪುಣ್ಯಾನ ಒಬ್ಬನ ಗಂಟು ಕಟ್ಕೊಂಡು ಹೋಗಾಂವೇನು?”

“ಅದು ಪತ್ರಿ ಅಲ್ಲಬೇ ಯಕ್ಕಾ, ರಬ್ಬರು!”

“ಅರವತ್ತು ಶ್ರಾವಣ ಕಂಡೇನಿ. ಮೂರೆಲಿ ಅಂದ್ರ ಪತ್ರಿ.”

“ಪತ್ರಿ ಎಲಿ ಇಷ್ಟು ದೊಡ್ಡದು ಇರ್ತದೇನಬೇ?”

“ಗೊಬ್ಬರ ಛಲೋ ಹಾಕೀ,” ಎನ್ನುತ್ತ ಶರಣವ್ವ ಕೈ ಚಾಚಿ ಒಂದು ಎಲೆ ಕಿತ್ತೇಬಿಟ್ಟಳು. ತೊಟ್ಟಿನಿಂದ ಬೆಳ್ಳಗೆ ಹಾಲು ಒಸರಿತು. ಅವಳ ಕಣ್ಣು ಕೈಯಲ್ಲಿನ ತಾಟಿನಷ್ಟೇ ಅಗಲವಾದವು.

“ಶಿವನ! ಪತ್ರೀನೂ ತಾನ, ಅಭಿಷೇಕದ ಹಾಲೂ ತಾನ!”

ಫೋಟೋ ಓಣಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಹತ್ತು ನಿಮಿಷದಲ್ಲಿ ಅಂಗಳದ ತುಂಬ ತಾಟುಗಳು. ಶಾಲೆಯ ಹೆಡ್‌ಮಾಸ್ತರಾಗಿ ನಿವೃತ್ತನಾದ ಗುರುಬಸವ ಕಾಕಾ ಯಾರೂ ಕೇಳದೆಯೇ ಸರತಿ ನಿಲ್ಲಿಸತೊಡಗಿದ. “ಹೆಣ್ಮಕ್ಕಳು ಈ ಕಡೆ, ಗಂಡಸ್ರು ಆ ಕಡೆ!” ನಡುವೆ ಹಾಲನ್ನು ಮುಟ್ಟಿ ನೋಡಿದ. ಎರಡು ಬೆರಳು ಅಂಟಿಕೊಂಡವು. ಆಮೇಲೆ ಅವನು ಯಾವ ಕಡೆ ಕೈ ತೋರಿಸುತ್ತಿದ್ದಾನೆಂದು ಯಾರಿಗೂ ತಿಳಿಯದೆ ಸರತಿಯೇ ಮುರಿದುಬಿತ್ತು.

ಫಕೀರಪ್ಪ ಕುಂಡವನ್ನು ಕೂಸಿನಂತೆ ಅವಚಿಕೊಂಡು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡ.

“ಬಾಗಿಲಾ ತಗೀ ತಮ್ಮಾ, ದೇವರ ಕೆಲಸೈತಿ!” ಎಂದಳು ಶರಣವ್ವ.

“ನಂದೂ ಕೆಲಸೈತ್ರಿ, ಇನ್ನೂ ಜಳಕಾ ಆಗಿಲ್ಲ!” ಎಂದಳು ನಾಗರತ್ನಾ. “ಗಿಡಾ ಹೊರಗ ಕೊಡ್ರಿ, ಇಲ್ಲಾ ನೀವರೆ ಬರ್ರಿ!”

ಬಚ್ಚಲಲ್ಲಿ ಕೂತವನಿಗೆ ಥಟ್ಟನೆ ಹೊಳೆಯಿತು. ಕೇಂದ್ರದಲ್ಲಿ ಚೀಟಿಯಿಲ್ಲದ ಸಾದಾ ರಬ್ಬರಿನ ಹನ್ನೆರಡು ಕುಂಡಗಳು ಒಂದೇ ಸಾಲಿನಲ್ಲಿ ಇವೆ. ಒಂದು ಹೋದರೆ ಯಾರಪ್ಪನ ಗಂಟು? ಬಾಗಿಲ ಸಂದಿಯಿಂದ ಕೂಗಿದ: “ತಾಸು ತಡೀರಿ, ಇದಕ್ಕಿಂತ ಛಲೋ ಗಿಡಾ ತಂದು ಕೊಡ್ತೇನಿ!”

ಕೆಂಪು ಚೀಟಿಯ ಗಿಡಕ್ಕೆ ನಾಗರತ್ನಾಳನ್ನು ಕಾವಲಿಟ್ಟು ಸೈಕಲ್ ತುಳಿದ. ಕೇಂದ್ರದಲ್ಲಿ ಸಾಹೇಬರು ಮೇಡಂ ಜೊತೆ ಊಟಕ್ಕೆ ಕೂತಿದ್ದರು. ಸಾಲಿನಲ್ಲಿ ಎಲ್ಲಕ್ಕಿಂತ ಹುಲುಸಾಗಿದ್ದ ಮೂರನೆಯ ಕುಂಡವನ್ನು ಎತ್ತಿ ತಂದು ಶರಣವ್ವನ ಕೈಗೆ ಕೊಟ್ಟ. ತಾಟುಗಳೆಲ್ಲ ಅದರ ಹಿಂದೆ ಗುಡಿಯ ಕಡೆಗೆ ನಡೆದವು. ಫಕೀರಪ್ಪ ತನ್ನ ಬುದ್ಧಿಗೆ ತಾನೇ ಮೆಚ್ಚಿ ಎರಡು ರೊಟ್ಟಿ ಹೆಚ್ಚು ತಿಂದ.

ಸಂಜೆ ಐದಕ್ಕೆ ಸರಿಯಾಗಿ ಕೆಂಪು ಚೀಟಿಯ ಗಿಡ ಮೇಡಂ ಅವರ ಮುಂದಿತ್ತು. ಖಾಯಂ ಕಾಗದವೂ ಇತ್ತು. ಮೇಡಂ ಪೆನ್ನಿನ ಟೊಪ್ಪಿಗೆ ತೆಗೆದರು.

“ಒಂದ ಒಂದು ಎಲಿ ಹೋಗೈತ್ರಿ ಮೇಡಂ. ಗಾಳಿಗೆ.”

“ಹೋಗ್ಲಿ ಬಿಡ್ರಿ, ಅದು ಸಾದಾ ಗಿಡ.”

“ಆಂ?”

“ಕೆಂಪು ಚೀಟಿ ಅಂದ್ರ ಏನಂತ ಸಾಹೇಬ್ರಿಗೂ ಗೊತ್ತೈತಿ. ಅದಕ್ಕ ಚೀಟಿ ಬಿಚ್ಚಿ ಸಾದಾ ಗಿಡಕ್ಕ ಕಟ್ಟಿ ನಿಮ್ಮ ಕೈಯಾಗ ಕೊಟ್ಟೆ. ನೀವು ನಾಕು ಮಂದಿಗೆ ಹೇಳದ ಇರಾಂಗಿಲ್ಲ ಅಂತ ಗ್ಯಾರಂಟಿ ಇತ್ತು. ಸಾಹೇಬ್ರು ‘ಆ ಗಿಡ ಮನಿಗೆ ಒಯ್ದಾರಂತಲ್ಲ’ ಅಂತ ಬ್ಯಾರೆ ಎರಡು ಹೂವಿನ ಕುಂಡ ಒಯ್ದ್ರು. ಖರೇ ಕಾಡಿನ ಗಿಡ ಸಾದಾ ಸಾಲಿನ್ಯಾಗ ಆರಾಮ ಕುಂತೈತಿ. ಮೂರನೇದು. ಬರ್ರಿ, ಮೊದಲ ಚೀಟಿ ಕಟ್ಟಿ ಬರೋಣು, ಸಹಿ ಆಮ್ಯಾಲೆ.”

ಎರಡನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ನೆಲದ ಮೇಲೆ ಕುಂಡದ ದುಂಡನೆಯ ಗುರುತು ಮಾತ್ರ ಇತ್ತು.

ಫಕೀರಪ್ಪ ಆ ಗುರುತಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಪತ್ರಿಯಿಂದ ಗುಡಿಯವರೆಗಿನ ಕಥೆಯನ್ನು ಒಂದೂ ಬಿಡದೆ ಹೇಳಿಬಿಟ್ಟ. ಮೇಡಂ ಹಣೆ ಹಿಡಿದುಕೊಂಡರು.

“ಎಲಿ ಹೋದ್ರ ಹೋಗ್ಲಿ. ಕಾಂಡ, ಬೇರು ಉಳದ್ರ ಮತ್ತ ಚಿಗೀತದ. ಲಗೂ ಫೋನ್ ಹಚ್ರಿ!”

ಶರಣವ್ವನ ದನಿಗೆ ಸ್ಪೀಕರಿನ ಅಗತ್ಯವೇ ಇರಲಿಲ್ಲ.

“ಫಕೀರಪ್ಪಾ, ನೂರು ವರ್ಷ ಆಯುಷ್ಯ ನಿನಗ! ಎಲಿ ನಲವತ್ತು ಮಂದಿಗೆ ಸಾಲಲಿಲ್ಲ ನೋಡು. ಕಾಂಡಾ ಗೇಣುಗೇಣು ಕಡದು, ಹಾಲು ಹಿಂಡಿ ಅಭಿಷೇಕ ಮಾಡಿದ್ವಿ. ಬೇರು ಗುರುಬಸವ ಒಯ್ದ, ಮಣಕಾಲ ಬ್ಯಾನಿಗೆ ಅರದು ಹಚ್ಚಾಕ. ಎಲ್ಲಾರೂ ಕೂಡಿ ನಿನ್ನ ಹೆಸರಿಲೆ ಬೇಡ್ಕೊಂಡೇವಿ ತಮ್ಮಾ, ನೌಕರಿ ಖಾಯಂ ಆಗ್ಲಿ ಅಂತ.”

ಮೇಡಂ ಕೈಯಲ್ಲೇ ಇದ್ದ ಪೆನ್ನಿಗೆ ಟೊಪ್ಪಿಗೆ ಹಾಕಿದರು.