ಗಿರಿಜಳ ಅರ್ಜಿಗೆ ನಾನಿಟ್ಟ ಹೆಸರು

ಫೈಲಿಗೆ ಹೆಸರಿಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ, ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಹದಿನೆಂಟು ವರ್ಷ ಗುಮಾಸ್ತನಾಗಿ ಸವೆದವನು ನಾನು. ಸಾವಿರಾರು ಫೈಲುಗಳು ನನ್ನ ಕೈಯಲ್ಲಿ ಹುಟ್ಟಿ, ನಂಬರು ಪಡೆದು, ದಾರ ಕಟ್ಟಿಸಿಕೊಂಡು, ಬೀರುವಿನಲ್ಲಿ ನೆಮ್ಮದಿಯಾಗಿ ಮಲಗಿವೆ. ಅವುಗಳಲ್ಲಿ ಒಂದಾದರೂ ತನಗಿಟ್ಟ ಹೆಸರು ಸರಿಯಿಲ್ಲವೆಂದು ತಕರಾರು ತೆಗೆದದ್ದಿಲ್ಲ.

ಇದು ನಡೆದದ್ದು ಎರಡು ಸಾವಿರದ ಎರಡನೇ ಇಸವಿಯಲ್ಲೋ ಮೂರರಲ್ಲೋ. ನಾನು ದಿನಚರಿ ಬರೆಯುವವನೇನೋ ಹೌದು. ಆದರೆ ಆ ಎರಡು ದಿನಗಳ ಪುಟದಲ್ಲಿ ‘ಕಂಪ್ಯೂಟರ್ ಕೆಲಸ. ಸ್ವಲ್ಪ ತಡವಾಯಿತು’ ಎಂದಷ್ಟೇ ಇದೆ. ಸೋತ ರಾಜ ಬರೆಸಿದ ಶಾಸನವನ್ನು ಹೇಗೆ ಅನುಮಾನದಿಂದ ಓದಬೇಕೋ ಇದನ್ನೂ ಹಾಗೆಯೇ ಓದಬೇಕು. ಆದ್ದರಿಂದ ನನ್ನ ನೆನಪನ್ನೂ ಹೆಂಡತಿ ಗಿರಿಜಳ ನೆನಪನ್ನೂ ಕೂಡಿಸಿ ಬರೆಯುತ್ತಿದ್ದೇನೆ. ಎರಡೂ ಜಗಳಕ್ಕೆ ನಿಂತ ಕಡೆ ಅವಳದ್ದನ್ನೇ ಉಳಿಸಿಕೊಂಡಿದ್ದೇನೆ. ಮನೆಯಲ್ಲಿ ಬಾಳಬೇಕಲ್ಲ!

ಗಿರಿಜ ಆಗ ಚೇಳೂರಿನ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಡಂ. ತುಮಕೂರಿನಿಂದ ಗುಬ್ಬಿಗೆ ಒಂದು ಬಸ್ಸು, ಗುಬ್ಬಿಯಿಂದ ಚೇಳೂರಿಗೆ ಇನ್ನೊಂದು, ಆಮೇಲೆ ಕಾಲ್ನಡಿಗೆ. ಹೀಗೆ ಆರು ವರ್ಷ. ಆ ಸಲ ಹಿರೇಹಳ್ಳಿಯ ಹತ್ತಿರ ಒಂದು ಶಾಲೆಯಲ್ಲಿ ಜಾಗ ಖಾಲಿಯಾಗಿತ್ತು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ವರ್ಗಾವಣೆ ಬೇಕೆನ್ನುವವರು ಸೋಮವಾರ ಸಂಜೆ ಐದು ಗಂಟೆಯೊಳಗೆ ಗುಬ್ಬಿಯ ಕಚೇರಿಯೊಂದರಲ್ಲಿ ಖುದ್ದಾಗಿ ಅರ್ಜಿ ಕೊಡಬೇಕಿತ್ತು. ತಪ್ಪಿದರೆ ಇನ್ನೊಂದು ವರ್ಷ ಅದೇ ಎರಡು ಬಸ್ಸು.

“ಅರ್ಜಿ ನನಗೆ ಬಿಡು” ಎಂದೆ ನಾನು. ಮನೆಗೆ ಕಂಪ್ಯೂಟರ್ ಬಂದು ಮೂರು ವಾರವಾಗಿತ್ತು. ಅದಕ್ಕೆ ಹೊದಿಸಿದ್ದ ಹೂವಿನ ಬಟ್ಟೆಯನ್ನು ಸರಿಸುತ್ತಾ, “ಕಂಪ್ಯೂಟರಲ್ಲಿ ಹೊಡೆದ ಅರ್ಜಿ ಕಂಡ್ರೆ ಸಾಹೇಬ್ರು ಎದ್ದು ನಿಂತು ತಗೋತಾರೆ” ಎಂದೆ.

“ಅವರು ಎದ್ದು ನಿಲ್ಲೋದೇನ್ ಬೇಡ ರೀ. ಕೂತ್ಕೊಂಡೇ ಸೈನ್ ಹಾಕಿದ್ರೆ ಸಾಕು” ಎಂದಳು ಗಿರಿಜ.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಕೂತೆ. ಒಂದೂವರೆ ಗಂಟೆಯಲ್ಲಿ ಅರ್ಜಿ ಸಿದ್ಧ! ‘ಮಾನ್ಯರೇ’ಯಿಂದ ಹಿಡಿದು ‘ತಮ್ಮ ವಿಶ್ವಾಸಿ’ಯವರೆಗೆ ಒಂದಕ್ಷರ ತಪ್ಪಿಲ್ಲ. ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಅರ್ಜಿಯನ್ನು ಫ್ಲಾಪಿಯಲ್ಲಿ ಉಳಿಸಿ, ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಗೆ ಒಯ್ದು ಪ್ರಿಂಟ್ ತೆಗೆಸಬೇಕು. ಉಳಿಸಲು ಹೋದೆ. ಫೈಲಿನ ಹೆಸರೇನು ಎಂದು ಯಂತ್ರ ಕೇಳಿತು.

ನನ್ನನ್ನು! ಫೈಲಿನ ಹೆಸರು!

ಹೆಸರು ಬರೆಯಲೆಂದು ಪರದೆಯ ಮೇಲೆ ತೆರೆದುಕೊಂಡ ಡಬ್ಬಿಯಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಕಚೇರಿಯ ಪದ್ಧತಿಯಂತೆ ಠೀವಿಯಿಂದ ಹೊಡೆದೆ: ‘ಸಂಖ್ಯೆ:ವರ್ಗಾ/ಶಿಕ್ಷಕಿ/ಗಿರಿಜ/01’. ಯಂತ್ರ ಟಣ್ ಎಂದಿತು. ಬೂದು ಬಣ್ಣದ ಚೌಕಟ್ಟಿನಲ್ಲಿ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ. ಅದರ ಸಾರಾಂಶ ಇಷ್ಟು: ಫೈಲಿನ ಹೆಸರೋ, ಅದು ಇರಬೇಕಾದ ಜಾಗದ ಹೆಸರೋ, ಡಿಸ್ಕಿನ ಹೆಸರೋ, ಯಾವುದೋ ಒಂದು ಸಿಂಧುವಲ್ಲ, ಪರಿಶೀಲಿಸಿ ಮತ್ತೆ ಪ್ರಯತ್ನಿಸುವುದು.

ಇನ್ನೊಮ್ಮೆ ಓದಿದೆ. ಈ ಶೈಲಿ ನನಗೆ ಗೊತ್ತು. ‘ಅರ್ಜಿ ಕ್ರಮಬದ್ಧವಾಗಿಲ್ಲ, ಸೂಕ್ತ ದಾಖಲೆಗಳೊಂದಿಗೆ ಮರುಸಲ್ಲಿಸುವುದು’ ಎಂದು ಹದಿನೆಂಟು ವರ್ಷದಿಂದ ಜನರಿಗೆ ಹಿಂಬರಹ ಕೊಡುತ್ತಾ ಬಂದವನು ನಾನೇ. ಯಾವ ದಾಖಲೆ ಎಂದು ಒಮ್ಮೆಯೂ ಬರೆದವನಲ್ಲ. ಬರೆದರೆ ಅವರು ತಂದುಬಿಡುತ್ತಾರಲ್ಲ! ಈಗ ನನ್ನದೇ ಹಿಂಬರಹ, ನನ್ನದೇ ಮನೆಯಲ್ಲಿ, ನನ್ನ ಕಣ್ಣೆದುರೇ ಹೊಳೆಯುತ್ತಿತ್ತು.

ಆದರೆ ತಪ್ಪು ನನ್ನದಿರಲು ಸಾಧ್ಯವೇ? ಫ್ಲಾಪಿಯದೇ ಇರಬೇಕು. ಅಂಗಡಿಗೆ ಓಡಿ ಹೊಸ ಫ್ಲಾಪಿ ತಂದೆ. ಟಣ್! ಆಗ ಪಕ್ಕದ ಮನೆಯ ಶಿವಣ್ಣ ಬಂದರು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಯಾವ ಯಂತ್ರವೇ ಇರಲಿ, ಬಿಚ್ಚಿದರೆ ಸರಿಹೋಗುತ್ತದೆ ಎಂಬುದು ಅವರ ಸಿದ್ಧಾಂತ.

“ಒಳಗೆ ಧೂಳ್ ಕುಂತಿರ್ತದೆ ಸಾ. ಬುಡಿ, ನಾನ್ ನೋಡ್ತೀನಿ” ಎಂದು ಸ್ಕ್ರೂಡ್ರೈವರ್ ತೆಗೆದರು.

“ಟೈಪ್ ಮಾಡಿದ್ದು ಇನ್ನೂ ಪರದೆ ಮೇಲಿದೆ ಶಿವಣ್ಣ, ಆಫ್ ಮಾಡಂಗಿಲ್ಲ!”

“ಆಫ್ ಯಾಕ್ ಮಾಡ್ಬೇಕು ಸಾ? ಓಡೋ ಮಿಷಿನ್ನೇ ಎಷ್ಟ್ ಬಿಚ್ಚಿಲ್ಲ ನಾನು!”

ಡಬ್ಬದ ಒಂದು ಪಕ್ಕ ಬಿಚ್ಚಿ, ಕೆನ್ನೆ ಉಬ್ಬಿಸಿ ಊದಿದರು. ಅದೇ ಕ್ಷಣಕ್ಕೆ ಪರದೆ ಕಪ್ಪಾಯಿತು. ಶಿವಣ್ಣ ಕೈ ಎತ್ತಿ ನಿಂತುಬಿಟ್ಟರು. “ನಾನಲ್ಲ ಸಾ! ಫ್ಯಾನೂ ನಿಂತದೆ ನೋಡಿ. ಕರೆಂಟು!”

ನಿಜ, ಕರೆಂಟೇ ಹೋಗಿತ್ತು. ಬರುವ ಹೊತ್ತಿಗೆ ಊಟದ ಸಮಯ. ‘ಮಾನ್ಯರೇ’ಯೂ ಇಲ್ಲ, ‘ವಿಶ್ವಾಸಿ’ಯೂ ಇಲ್ಲ.

ಮಧ್ಯಾಹ್ನ ಮತ್ತೆ ಮೊದಲಿನಿಂದ ಹೊಡೆದೆ. ಈ ಸಲ ನನ್ನ ಅಮ್ಮ ಬಂದು ಕುರ್ಚಿಯ ಹಿಂದೆ ನಿಂತರು. ಅಮ್ಮ ಕುಣಿಗಲ್ ಕಡೆಯವರು. ಹಾಲಿನ ಲೆಕ್ಕದ ಚೀಟಿಯ ತಲೆಯ ಮೇಲೂ, ಅತ್ತಿತ್ತ ಎರಡೆರಡು ಗೆರೆ ಎಳೆದು ನಡುವೆ ಶ್ರೀ ಬರೆಯದೆ ಮುಂದುವರಿದವರಲ್ಲ.

“ಶ್ರೀಕಾರ ಹಾಕಿದ್ಯೇನ್ಲಾ?”

“ಇದು ಕಂಪ್ಯೂಟರ್ ಕಣಮ್ಮ.”

“ಕಂಪ್ಯೂಟ್ರಾದ್ರೇನು, ದೇವರಿಗಿಂತ ದೊಡ್ದಾ? ಶ್ರೀ ಇಲ್ದೆ ಶುರು ಮಾಡಿದ್ರೆ ಹೆಂಗ್ಲಾ ಆಗ್ತದೆ ಕೆಲ್ಸ?”

ಎಂ.ಎ. ಓದಿದವನು ಇಂಥದ್ದನ್ನು ನಂಬಬಾರದು. ಆ ಹೊತ್ತಿನಲ್ಲಿ ನಂಬಿದೆನೋ ಇಲ್ಲವೋ ಈಗ ಹೇಳಲಾರೆ. ನಂಬರು ಉದ್ದವಾಗಿದ್ದಕ್ಕೇ ಯಂತ್ರ ಮುನಿಸಿಕೊಂಡಿದೆ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ಕಿತ್ತುಹಾಕಿ ‘||ಶ್ರೀ|| ಗಿರಿಜ ಅರ್ಜಿ’ ಎಂದು ಹೊಡೆದದ್ದಂತೂ ನಿಜ. ಕೀಲಿಮಣೆಯಲ್ಲಿ ನೆಟ್ಟಗಿನ ಗೆರೆ ಹುಡುಕಲು ಹತ್ತು ನಿಮಿಷ ಹಿಡಿಯಿತು. ಸಿಕ್ಕಾಗ ಎಂಥ ಸಂತೋಷ!

ಟಣ್!

“ಏನಂತದೆ?” ಅಮ್ಮ ಕೇಳಿದರು.

“ಈ ಹೆಸರು ಸಿಂಧುವಲ್ಲ ಅಂತಿದೆ.”

“ಶ್ರೀನೇ ಸಿಂಧು ಅಲ್ವಂತಾ? ಎಂಥ ಮಿಷಿನ್ ತಂದಿಟ್ಟಿದ್ಯೋ ಮನೇಲಿ!” ಅಮ್ಮ ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಮಾನಿಟರಿನ ಹಣೆಗೆ ಹಚ್ಚಿದರು. ಪರದೆಯ ಮೇಲಿನ ಒಕ್ಕಣೆ ಮಾತ್ರ ಕದಲಲಿಲ್ಲ.

ಶಿವಣ್ಣ ಮತ್ತೆ ಹಾಜರಾದರು. “ನಿಮ್ ಆಫೀಸಲ್ಲಿ ಬೇಗ ಆಗ್ಬೇಕಂದ್ರೆ ಏನ್ ಮಾಡ್ತೀರ ಸಾ?”

“ಮೇಲೆ ‘ಅತಿ ಜರೂರು’ ಅಂತ ಬರೀತೀವಿ. ಎರಡೂ ಕಡೆ ಕೊಟೇಶನ್ನು, ಮುಂದೊಂದು ನಕ್ಷತ್ರ.”

“ಮತ್ತೆ! ಅರ್ಜೆಂಟು ಅಂತ ಇದಕ್ಕೆಂಗ್ ಗೊತ್ತಾಗ್ಬೇಕು?”

ವಾದದಲ್ಲಿ ಹುರುಳಿತ್ತು. ಕೊಟೇಶನ್ ಹಾಕಿ ‘ಅತಿ ಜರೂರು’ ಕೊಟ್ಟೆ. ಟಣ್! ಕೊಟೇಶನ್ ತೆಗೆದು ನಕ್ಷತ್ರ ಕೊಟ್ಟೆ. ಈ ಸಲ ಟಣ್ ಎನ್ನಲಿಲ್ಲ. ಅದಕ್ಕಿಂತ ಭಯಂಕರವಾದದ್ದು ನಡೆಯಿತು. ಡಬ್ಬಿಯೊಳಗೆ ಪಟ್ಟಿಯಾಗಿ ಕಾಣುತ್ತಿದ್ದ ನನ್ನ ಹಳೆಯ ಫೈಲುಗಳ ಹೆಸರುಗಳೆಲ್ಲ ಸದ್ದಿಲ್ಲದೆ ಮಾಯವಾದವು. ಮೂರು ವಾರದ ನನ್ನ ಕಂಪ್ಯೂಟರ್ ಸಾಹಿತ್ಯವೆಲ್ಲ ನನ್ನ ಕೈಯಾರೆ ಅಳಿಸಿಹೋಯಿತೆಂದುಕೊಂಡೆ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ನೋಡಿದರೆ ಹಳೆಯದೆಲ್ಲ ಇದ್ದಲ್ಲೇ ಇತ್ತು. ಹೋದದ್ದು ಆಗತಾನೇ ಹೊಡೆದ ಅರ್ಜಿ ಮಾತ್ರ!

ಅಡುಗೆಮನೆಯಿಂದ ಗಿರಿಜ ಬಂದು ಬಾಗಿಲಲ್ಲಿ ನಿಂತಳು. “ಏನ್ರೀ, ಎದ್ದು ನಿಂತರಾ ಸಾಹೇಬ್ರು?”

ನಾನು ಉತ್ತರಿಸಲಿಲ್ಲ ಎಂದು ನನ್ನ ನೆನಪು. ಉತ್ತರಿಸಿದೆ, ಅದನ್ನು ಬರೆಯುವ ಹಾಗಿಲ್ಲ ಎನ್ನುತ್ತಾಳೆ ಅವಳು.

ಸೋಮವಾರ ಕಚೇರಿಗೆ ರಜೆ ಹಾಕಿದೆ. ಗಿರಿಜ ಶಾಲೆಗೆ ಹೊರಡುವಾಗ ಹೇಳಿದಳು: “ನಾಲ್ಕೂಕಾಲಿಗೆ ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ಇರ್ತೀನಿ. ಅರ್ಜಿ ತಗೊಂಡು ಬನ್ನಿ. ರೀ, ಈ ವರ್ಷ ತಪ್ಪಿಹೋದ್ರೆ ನಂಗೆ ಆಗಲ್ಲ. ಸೊಂಟ ಬಿದ್ದೋಗಿದೆ.” ಈ ಮಾತನ್ನು ಅವಳು ತಮಾಷೆಯಾಗಿ ಹೇಳಲಿಲ್ಲ. ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ಮೂರನೇ ಸಲ ಹೊಡೆದೆ. ಆ ಹೊತ್ತಿಗೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ನನ್ನ ಬೆರಳುಗಳಿಗೇ ಬಾಯಿಪಾಠವಾಗಿತ್ತು. ಹೆಸರು ಕೊಡುತ್ತಾ ಹೋದೆ. ಯಾವುದಕ್ಕೂ ಒಪ್ಪದಾಗ, ಕಚೇರಿಯಲ್ಲಿ ಅನುಮಾನವಿದ್ದ ಕಡೆ ಹಾಕುವಂತೆ, ‘ಅರ್ಜಿ?’ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಿನಯದಿಂದಲೇ ಕೇಳಿ ನೋಡಿದೆ. ಅದು ಮೌನ ವಹಿಸಿತು. ಗಡಿಯಾರದಲ್ಲಿ ಆಗಲೇ ಎರಡೂವರೆ. ನೆತ್ತಿ ಕಾಯಿತು. ದೇವರ ಹೆಸರನ್ನೂ ಸರ್ಕಾರದ ನಂಬರನ್ನೂ ಒಪ್ಪದ ಆ ಡಬ್ಬಿಯಲ್ಲಿ, ಹಲ್ಲು ಕಚ್ಚಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಹಾಳಾಗೋಗು’ ಎಂದು ಹೊಡೆದು ಗುಂಡಿ ಒತ್ತಿದೆ.

ಫ್ಲಾಪಿ ಕರಕರ ಸದ್ದು ಮಾಡಿತು. ಹಸಿರು ದೀಪ ಮಿನುಗಿತು. ಉಳಿಯಿತು!

ಯಾಕೆ ಏನು ಎಂದು ವಿಚಾರಿಸುವ ಹೊತ್ತಲ್ಲ. ಅಂಗಡಿಗೆ ಓಡಿದೆ, ಪ್ರಿಂಟ್ ತೆಗೆಸಿದೆ, ಗುಬ್ಬಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ಜಾಗ ಹಿಡಿದೆ. ನಾಲ್ಕೂವರೆಗೆ ನಾವಿಬ್ಬರೂ ಕಚೇರಿಯಲ್ಲಿದ್ದೆವು. ಸಾಹೇಬರು ಕನ್ನಡಕ ಏರಿಸಿ ಅರ್ಜಿಯನ್ನು ಮೇಲಿಂದ ಕೆಳಗೆ ಓದಿದರು. ಮುಖದಲ್ಲಿ ಮೆಚ್ಚುಗೆ ಕಂಡ ಹಾಗಾಯಿತು. ಕೆಳಗೆ ಬಂದಾಗ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

“ಇದೇನಮ್ಮಾ?”

“ವರ್ಗಾವಣೆ ಅರ್ಜಿ ಸಾರ್.”

“ಅದು ಗೊತ್ತಾಯ್ತು. ಇಲ್ಲಿ, ಕೆಳಗಡೆ... ಹಲಾ... ಹಾಲಾಗೋ... ಹಾಳಾಗೋಗು!”

ಒಬ್ಬರ ಹಾಳೆ ಇನ್ನೊಬ್ಬರಿಗೆ ಹೋಗದಿರಲೆಂದು ಆ ಡಿಟಿಪಿ ಅಂಗಡಿಯವರು ಪ್ರತಿ ಹಾಳೆಯ ಅಡಿಯಲ್ಲೂ ಫೈಲಿನ ಹೆಸರು ಬರುವಂತೆ ಮಾಡಿದ್ದರು. ಸಣ್ಣ ಇಂಗ್ಲಿಷ್ ಅಕ್ಷರ. ಅವಸರದಲ್ಲಿ ನಾನು ನೋಡಿರಲಿಲ್ಲ. ಗಿರಿಜಳ ಸಹಿಯ ಕೆಳಗೇ, ಅವಳ ಅಂತಿಮ ಅಭಿಪ್ರಾಯವೋ ಎನ್ನುವಂತೆ ಅದು ಕೂತಿತ್ತು.

“ಯಾರಿಗಮ್ಮಾ ಹೇಳಿರೋದು ಇದು? ನನಗೋ, ಇಲಾಖೆಗೋ?”

“ಇಬ್ಬರಿಗೂ ಅಲ್ಲ ಸಾರ್” ಎಂದಳು ಗಿರಿಜ, ಒಂದು ಕ್ಷಣವೂ ತಡವರಿಸದೆ. “ನಮ್ಮನೆಯವರು ಕಂಪ್ಯೂಟರಿಗೆ ಹೇಳಿರೋದು. ಅಲ್ಲೇ ನಿಂತಿದಾರೆ ನೋಡಿ.”

ಆಗ ನಾನು ಹೊರಗೆ ವರಾಂಡದಲ್ಲಿ ನೋಟಿಸ್ ಬೋರ್ಡ್ ಓದುತ್ತಿದ್ದೆ ಎಂದು ನನ್ನ ನೆನಪು ಖಂಡಿತವಾಗಿ ಹೇಳುತ್ತದೆ. ಅವಳ ಊಟದ ಡಬ್ಬಿಯ ಚೀಲ ಹಿಡಿದು ಬೆನ್ನ ಹಿಂದೆ ಅಡಗಿದ್ದೆ ಎನ್ನುತ್ತಾಳೆ ಗಿರಿಜ. ಒಪ್ಪಂದದ ಪ್ರಕಾರ, ಅಡಗಿದ್ದೆ.

“ಬನ್ನಿ ಸ್ವಾಮಿ ಮುಂದೆ” ಎಂದರು ಸಾಹೇಬರು. “ಏನ್ ಮಾಡ್ತು ನಿಮ್ಮ ಕಂಪ್ಯೂಟರು?”

ಎಲ್ಲ ಹೇಳಿದೆ. ನಂಬರು, ಶ್ರೀಕಾರ, ಅತಿ ಜರೂರು. ನಗುತ್ತಿದ್ದವರು ನಂಬರಿನ ವಿಷಯ ಬಂದಾಗ ಥಟ್ಟನೆ ಗಂಭೀರರಾಗಿ ಒಳಕೋಣೆಗೆ ಕೂಗಿ ಹೇಳಿದರು: “ರೀ, ಶುಕ್ರವಾರದಿಂದ ಸೇವ್ ಆಗ್ತಾ ಇಲ್ಲ ಅಂದ್ರಲ್ಲ ಆ ಪಟ್ಟಿ, ಅದಕ್ಕೇನ್ ಹೆಸರು ಕೊಟ್ಟಿದ್ರಿ?”

“ಕಡತದ ನಂಬರು ಸಾರ್!” ಒಳಗಿನಿಂದ ಉತ್ತರ.

“ಅದು ಬಿಡಿ. ಹಾಳಾಗೋಗು ಅಂತ ಕೊಟ್ ನೋಡಿ.”

“ಸಾರ್?”

“ನಿಮಗಲ್ಲ ಕಣ್ರೀ! ಫೈಲಿಗೆ!”

ಒಳಗೆ ಕೀಲಿಗಳ ಟಕಟಕ ಸದ್ದು. ಆಮೇಲೆ ಒಳಗಿನಿಂದ ಆನಂದದ ದನಿ: “ಆಯ್ತು ಸಾರ್! ಒಂದೇ ಸಲಕ್ಕೆ ತಗೊಳ್ತು!”

ಸಾಹೇಬರು ನನ್ನ ಕೈ ಕುಲುಕಿದರು. ಆದರೆ ಅರ್ಜಿಯನ್ನು ಗಿರಿಜಳಿಗೇ ಹಿಂತಿರುಗಿಸಿದರು. “ಇದನ್ನ ಕಡತಕ್ಕೆ ಸೇರಿಸಿದ್ರೆ ನಾಳೆ ಮೇಲಿನವರಿಗೆ ನಾನ್ ಉತ್ತರ ಹೇಳೋಕಾಗಲ್ಲಮ್ಮ. ಇಪ್ಪತ್ ನಿಮಿಷ ಇದೆ. ಕೈಯಲ್ಲೇ ಬರ್ದು ಕೊಟ್ಬಿಡಿ.”

ಗಿರಿಜ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಹಾಜರಿ ಪುಸ್ತಕವಿಟ್ಟುಕೊಂಡು, ಮುತ್ತಿನಂಥ ಅಕ್ಷರದಲ್ಲಿ ಬರೆದು ಮುಗಿಸಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಮೊಹರು ಬಿತ್ತು.

ಫೈಲಿನ ಹೆಸರಿನಲ್ಲಿ ಒಂಬತ್ತು ಚಿಹ್ನೆಗಳು ಇರಕೂಡದೆಂದು ಬಹಳ ದಿನಗಳ ಮೇಲೆ ಕಚೇರಿಯ ತರಬೇತಿಯಲ್ಲಿ ತಿಳಿಯಿತು. ಅವುಗಳಲ್ಲಿ ಆರನ್ನು ನಾನು ಸ್ವಂತ ಪರಿಶ್ರಮದಿಂದಲೇ ಬಳಸಿ ಮುಗಿಸಿದ್ದೆ. ಉಳಿದ ಮೂರು ಕಣ್ಣಿಗೆ ಬೀಳಲಿಲ್ಲ, ಬಿದ್ದಿದ್ದರೆ ಮಂಗಳವಾರವಾಗಿಬಿಡುತ್ತಿತ್ತು. ಬೈಗುಳದಲ್ಲಿ ಮಾತ್ರ ಒಂದು ಚಿಹ್ನೆಯೂ ಇರಲಿಲ್ಲ. ಆ ಒಕ್ಕಣೆಯಲ್ಲಿ ಇಷ್ಟನ್ನು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಎದ್ದು ಕೇಳಬೇಕೆನಿಸಿತು. ನನ್ನ ಹಿಂಬರಹಗಳ ನೆನಪಾಗಿ ಸುಮ್ಮನೆ ಕೂತೆ.

ಎರಡು ತಿಂಗಳಿಗೆ ವರ್ಗಾವಣೆಯ ಆದೇಶ ಬಂತು. ಹಿರೇಹಳ್ಳಿಯೇ! ಗಿರಿಜ ಬೀದಿಗೆಲ್ಲ ಸಿಹಿ ಹಂಚಿದಳು. ಶಿವಣ್ಣ ಮೈಸೂರು ಪಾಕು ಮುರಿಯುತ್ತಾ ಕೇಳಿದರು: “ಅರ್ಜಿ ಭರ್ಜರಿಯಾಗಿ ಬರ್ಸಿದ್ರಿ ಅಂತ ಕಾಣ್ತದೆ. ಯಾರ್ ಬರೆದ್ರು ಮೇಡಂ?”

ನಾನು ಕೆಮ್ಮಿ, ಕುರ್ಚಿಯಲ್ಲಿ ನೆಟ್ಟಗೆ ಕೂತೆ.

“ನಾನೇ ಬರೆದೆ ಶಿವಣ್ಣ. ಹತ್ತು ನಿಮಿಷದ ಕೆಲಸ” ಎಂದಳು ಗಿರಿಜ. ಆಮೇಲೆ ನನ್ನ ಮುಖ ನೋಡಿ ಪಾಪ ಎನ್ನಿಸಿರಬೇಕು. “ಇವರೂ ಸಹಾಯ ಮಾಡಿದ್ರು. ಎರಡು ದಿನ!”