ಕೆಂಪಾಜಮ್ಮನ ತಿಪ್ಪೆವಿಜಯ

ಗೃಹಪ್ರವೇಶಗಳೆಲ್ಲ ಮುಗಿದು ಚರಂಡಿಗಳು ಮಾತ್ರ ಇನ್ನೂ ಮುಗಿಯದಿದ್ದ ಆ ಪುಣ್ಯಯುಗದಲ್ಲಿ, ಊರಂಚಿನ ಸಿರಿಗಂಧ ಬಡಾವಣೆಯ ಪುರಸಭಾ ಸದಸ್ಯೆಯೂ ಬೀದಿದೀಪಪ್ರದಾತ್ರಿಯೂ ಕೊಳಾಯಿಜಲಾವತರಣಕಾರಿಣಿಯೂ ಆದ ಕೆಂಪಾಜಮ್ಮನ ಮಹಾಸಮರವನ್ನು, ಎಲೈ ಮೂಗುಳ್ಳ ಮಹನೀಯರೇ, ಕೇಳಿರಿ!

ನಾಲ್ಕನೇ ಅಡ್ಡರಸ್ತೆಯ ಮೂಲೆಯಲ್ಲಿ ಶ್ವಾನಗಣಸೇವಿತ, ಮಕ್ಷಿಕಾಮಂಡಲಮಂಡಿತ, ನಾನಾವರ್ಣಪ್ಲಾಸ್ಟಿಕ್‌ಕವಚಧಾರಿಯಾದ ಕಸದ ರಾಶಿಯೊಂದು ಮೂರು ವರ್ಷಗಳಿಂದ ನಿಷ್ಕಂಟಕವಾಗಿ ಆಳುತ್ತಿತ್ತು. ಎಷ್ಟು ಸಲ ಎತ್ತಿಸಿದರೂ ಮರುದಿನವೇ ಹುಟ್ಟಿಬರುತ್ತಿತ್ತು. ರೋಸಿಹೋದ ವೀರಾಂಗನೆ ಬಡಾವಣೆಯ ಸಭೆಯಲ್ಲಿ ಮೈಕನ್ನು ಗದೆಯಂತೆ ಹಿಡಿದು ಗರ್ಜಿಸಿದಳು:

“ಕೇಳ್ಕಳಿ ಎಲ್ಲಾರೂವೆ! ಶನಿವಾರದೊಳ್ಗೆ ಆ ಮೂಲೆ ಕ್ಲೀನಾಗ್ನಿಲ್ಲ ಅಂದ್ರೆ, ಮುಂದಿನ್ ಎಲೆಕ್ಷನ್ಗೆ ನಿಮ್ ಬಾಗ್ಲಿಗೆ ನಾ ಬರಾಕಿಲ್ಲ!”

ಜೋರು ಚಪ್ಪಾಳೆ ಬಿತ್ತು. ಶಪಥದ ಯಾವ ಅರ್ಧಕ್ಕೆ ಬಿತ್ತೆಂದು ತಿಳಿಯದೆ ಅವಳು ಪೆಚ್ಚಾದಳು.

ಆಗ ಎದ್ದು ನಿಂತವರು ನಿವೃತ್ತ ಹೆಡ್‌ಮಾಸ್ಟರ್ ಶಿವನಂಜಪ್ಪನವರು. ಪ್ರಾತರ್ವಿಹಾರವ್ಯಾಜತ್ಯಾಜ್ಯಕ್ಷೇಪಣಧುರಂಧರರು, ಅರ್ಥಾತ್ ವಾಕಿಂಗ್ ನೆಪದಲ್ಲಿ ಕಸದ ಚೀಲ ಬೀಸಿ ಒಗೆಯುವುದರಲ್ಲಿ ನಿಸ್ಸೀಮರು. “ಕಸದ ಗಾಡಿ ಬರೋ ಹೊತ್ಗೆ ನಾನು ಪೂಜೇಲಿರ್ತೀನಮ್ಮ. ಅಲ್ಲೇ ಹಾಕೋದು! ಯಾರ್ ತಡೀತಾರೋ ನೋಡೇಬಿಡ್ತೀನಿ” ಎಂದರು.

ಶುಕ್ರವಾರ ಬೆಳಗಾಗುವಷ್ಟರಲ್ಲಿ ಕೆಂಪಾಜಮ್ಮ ರಾಶಿ ಎತ್ತಿಸಿ, ಸಗಣಿ ಸಾರಿಸಿ, ಷೋಡಶದಳಪದ್ಮದ ರಂಗೋಲಿ ಬರೆದು, ನಡುವೆ ಅರಿಸಿನ ಕುಂಕುಮ ಬಳಿದ ಕಲ್ಲೊಂದನ್ನು ನೆಟ್ಟು ಕಾದಳು. ಮೇಷ್ಟ್ರು ಬಂದರು. ಚೀಲ ಎತ್ತಿದ ಬಲಗೈ ಕುಂಕುಮ ಕಂಡೊಡನೆ ಗಾಳಿಯಲ್ಲೇ ನಿಂತಿತು. ಅವರು ಚಪ್ಪಲಿ ಬಿಟ್ಟು, ಚೀಲಸಮೇತ ಕೈಮುಗಿದು, ಚೀಲಸಮೇತ ಹಿಂದಿರುಗಿದರು. ಖುಷಿಗೆ ಕೆಂಪಾಜಮ್ಮನ ಕಣ್ಣು ತುಂಬಿತು.

ಶನಿವಾರ ಬೆಳಿಗ್ಗೆ ಮೂಲೆಯಲ್ಲಿ ಕಸದ ಸುಳಿವಿರಲಿಲ್ಲ. ಆದರೆ ಕಲ್ಲಿಗೆ ಒರಗಿಸಿ ಹನ್ನೊಂದು ದೇವರ ಪಟಗಳನ್ನಿಟ್ಟಿದ್ದರು. ಗಾಜು ಒಡೆದಂಥವು, ಗೆದ್ದಲು ತಿಂದಂಥವು; ಮನೆಯಲ್ಲಿಡಲೂ ಆಗದೆ, ಬಿಸಾಡಲೂ ಆಗದೆ ಜನ ಅಟ್ಟದ ಮೇಲಿಟ್ಟುಕೊಂಡಿದ್ದಂಥವು. ಕಸದ ಗಾಡಿಯ ಚೌಡಮ್ಮ ಗಲ್ಲ ಬಡಿದುಕೊಂಡಳು.

“ದೇವ್ರುನ್ನ ಕಸದ್ ಗಾಡಿಗೆ ಹಾಕಾಕಾಯ್ತದಾ ಅಕ್ಕಾ? ನನ್ ಕೈಲಾಗಾಕಿಲ್ಲ.”

ಶಪಥದ ಗಡುವು ಅಂದೇ. ಮಹಾವೀರೆ ಬೇರೆ ದಾರಿ ಕಾಣದೆ ಹನ್ನೊಂದು ದೇವರನ್ನೂ ಸ್ಕೂಟರಿನ ಮೇಲೆ ಪೇರಿಸಿ, ಹಗ್ಗ ಬಿಗಿದು, ಹೊರಟಳು. ಎದುರಿಗೆ ಶಿವನಂಜಪ್ಪನವರು.

“ಎಲ್ಲಿಗಮ್ಮ ಸವಾರಿ?”

“ಇನ್ನೆಲ್ಲಿಗೆ ಸಾ, ನಮ್ಮನೆಗೆ.”

ಮೇಷ್ಟ್ರ ಮುಖ ಅರಳಿತು. “ಹಾಗಾದ್ರೆ ಒಂದ್ನಿಮಿಷ ನಿಲ್ಲಮ್ಮ. ನಮ್ಮನೇಲೂ ಒಂದಿದೆ, ಫ್ರೇಮ್ ಬಿಟ್ಕೊಂಡಿರೋದು.”

ಅವರ ಮನೆಯಲ್ಲಿ ಐದು ವೋಟಿದ್ದವು. ಕೆಂಪಾಜಮ್ಮ ಸ್ಕೂಟರ್ ಆಫ್ ಮಾಡಿ ನಿಂತಳು.